ಚಂದ್ರನ ಮ್ಯಾಲೆ ನೀರು ಹುಡುಕಾಕ ಹೊಂಟಾರಂತ...

ಗೋಕಾಕ ಫಾಲ್ಸಿಗೆ ನೀವು ಬಂದಿದ್ದರೆ ಒಂದನ್ನು ನೋಡಿಯೇ ಇರ್ತೀರಿ. ಘಟಪ್ರಭೆ 52 ಮೀಟರು ಕೆಳಗೆ ಧುಮುಕೋದನ್ನಲ್ಲ, ಅದನ್ನ ಎಲ್ಲರೂ ನೋಡ್ತಾರೆ. ನಾನು ಹೇಳ್ತಿರೋದು ಬಂಡೆಗಳ ಮೇಲಿನ ಹೆಸರುಗಳನ್ನ. ಬಾಣ ಚುಚ್ಚಿದ ಒಂದು ಹೃದಯ, ಆ ಕಡೆ ಒಂದು ಅಕ್ಷರ, ಈ ಕಡೆ ಒಂದು ಅಕ್ಷರ, ಕೆಳಗೆ ಇಸವಿ. ಮಳೆಗಾಲದಲ್ಲಿ ನೀರು ಬಂದು ಅರ್ಧ ತೊಳೆದುಕೊಂಡು ಹೋಗತ್ತೆ. ಬೇಸಿಗೆಗೆ ಹೊಸ ಹೆಸರು.

2019ರಲ್ಲಿ ನಾಸಾದವರು ಮಂಗಳಕ್ಕೆ ಹೋಗೋ ನಮ್ಮ ರೋವರಿನಲ್ಲಿ ನಿಮ್ಮ ಹೆಸರೂ ಕಳಿಸ್ರಿ ಅಂತ ಕರೆದಾಗ ನಾನೂ ಕಳಿಸಿದ್ದೆ. ಅವ್ವನ ಹೆಸರನ್ನೂ ಸೇರಿಸಿದೆ. ವಿಮಾನದ ಟಿಕೇಟಿನ ಥರ ಒಂದು ಬೋರ್ಡಿಂಗ್ ಪಾಸ್ ಬಂತು, ಪ್ರಿಂಟು ತೆಗೆಸಿ ಅವ್ವನ ಕೈಗೆ ಕೊಟ್ಟೆ. ಒಟ್ಟು 1 ಕೋಟಿ 9 ಲಕ್ಷ ಹೆಸರು ಸಣ್ಣ ಚಿಪ್ಪಿನಲ್ಲಿ ಕೂತು, 2021ರ ಫೆಬ್ರವರಿ 18ಕ್ಕೆ ಪರ್ಸಿವಿಯರೆನ್ಸ್ ರೋವರಿನ ಜೊತೆ ಮಂಗಳದ ನೆಲಕ್ಕೆ ಇಳಿದವು. ಪಾಸು ನೋಡಿ ಅವ್ವ ಕೇಳಿದ್ದು ಇಷ್ಟೇ.

"ಮತ್ತ ನಾ ಯಾವಾಗ ಹೊಂಡೂದು?"

"ನೀ ಅಲ್ಲವ್ವಾ, ಹೆಸರಷ್ಟೇ ಹೊಕ್ಕೈತಿ."

"ನಾ ಇಲ್ಲೇ ಇರ್ತೀನಿ, ಹೆಸರು ಅಲ್ಲೆ ಹೊಕ್ಕೈತಿ. ಅದರಾಗ ನನಗೇನ ಬಂತೋ?"

ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ಆಗಾಗ ತಲೆಗೆ ಬರ್ತಾನೇ ಇದೆ. ಬಾಹ್ಯಾಕಾಶ ಎಲ್ಲರ ಸ್ವತ್ತು, ಅದರಲ್ಲಿ ಜನಸಾಮಾನ್ಯರೂ ಪಾಲ್ಗೊಳ್ಳಬೇಕು ಅಂತ ಈಗ ಎಲ್ಲ ಕಡೆ ಹೇಳ್ತಾರೆ. ಪಾಲು ಅಂದರೆ ಏನು? ಹೊಲದ ಪಾಲಾದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಷ್ಟು ಗುಂಟೆ ಅಂತ ಇರಬೇಕು, ಉತಾರದಲ್ಲಿ ಹೆಸರು ಇರಬೇಕು. ಬಂಡೆ ಮೇಲೆ ಹೆಸರು ಬರೆದವನಿಗೆ ಫಾಲ್ಸಿನಲ್ಲಿ ಪಾಲು ಸಿಗೋದಿಲ್ಲ.

ಫಾಲ್ಸಿನ ಪಾಲಿನ ಕತೆ ಬಂತು ಅಂತ ಹೇಳ್ತೀನಿ. ಈ ನೀರಿಗೆ ಮೊದಲು ಕೈಹಾಕಿದ್ದು ಹತ್ತಿಯ ಗಿರಣಿ, 1880ರ ದಶಕದಲ್ಲಿ. ದೇಶದಲ್ಲೇ ಮೊದಲು ಜಲವಿದ್ಯುತ್ತು ಹುಟ್ಟಿದ್ದು ಇಲ್ಲೇ, 1887ರಲ್ಲಿ ಅಂತ ನಮ್ಮೂರವರು ಎದೆ ತಟ್ಟಿ ಹೇಳ್ತಾರೆ. (ಡಾರ್ಜಿಲಿಂಗಿನವರೂ ಶಿವನಸಮುದ್ರದವರೂ ಜಗಳಕ್ಕೆ ಬರಬಹುದು, ಅವರವರಲ್ಲೇ ತೀರ್ಮಾನ ಮಾಡಿಕೊಳ್ಳಲಿ :) ) ಆದರೆ ಆ ಶಕ್ತಿ ಇದ್ದದ್ದು ನೂಲು ತೆಗೆಯೋದಕ್ಕೆ. ಸುತ್ತಲಿನ ಹಳ್ಳಿಗಳ ಮನೆಯಲ್ಲಿ ದೀಪ ಹತ್ತಿದ್ದು ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಗಿರಣಿಯ ಭೋಂಗಾ ಕೇಳಿ ಹೊತ್ತೆಷ್ಟಾಯಿತು ಅಂತ ತಿಳಿದುಕೊಳ್ಳೋದು, ಬೆಳಕು ಇದ್ದ ಕಡೆ ನೋಡ್ತಾ ನಿಲ್ಲೋದು, ಇಷ್ಟೇ ಹಳ್ಳಿಯವರ ಪಾಲು. ಗಿರಣಿಯಿಂದ ನಮ್ಮ ಮನೆಯಂಥ ಸಾವಿರ ಮನೆಗೆ ಅನ್ನ ಸಿಕ್ಕಿದೆ, ಅದನ್ನು ಮರೆಯೋ ಹಾಗಿಲ್ಲ. ಆದರೂ ನೀರು ನಮ್ಮದು, ಹೊಳೆ ನಮ್ಮದು, ಅದರಿಂದ ಏನಾಗಬೇಕು ಅಂತ ನಮ್ಮನ್ನು ಯಾರೂ ಕೇಳಿರಲಿಲ್ಲ ಅನ್ನೋದೂ ಅಷ್ಟೇ ನಿಜ. ರಾಕೆಟ್ಟು ಹಾರಿದಾಗೆಲ್ಲ ನನಗೆ ಇದೇ ನೆನಪಾಗತ್ತೆ. ನಾವು ಮತ್ತೆ ಬೆಳಕು ನೋಡ್ತಾ ನಿಂತಿದ್ದೀವಾ?

ಉಪಗ್ರಹ ನಮ್ಮ ಕಡೆಗೆ ಮೊದಲು ಬಂದದ್ದೂ ಹೆಚ್ಚುಕಡಿಮೆ ಹೀಗೆಯೇ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಅನ್ನೋ ಪ್ರಯೋಗ ನಡೀತು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ತಂದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸಿದರು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ. ನಮ್ಮ ಬೆಳಗಾವಿಗೆ ಇಲ್ಲ, ಪಕ್ಕದ ವಿಜಾಪುರಕ್ಕೆ! ಕೋಳಿ ಪಂಜರದ ಜಾಲರಿಯಂಥ ತಂತಿಯ ದೊಡ್ಡ ಬುಟ್ಟಿಯೊಂದನ್ನು ಆಕಾಶಕ್ಕೆ ಮುಖ ಮಾಡಿ ಕೂರಿಸಿದರೆ ಕನ್ನಡದಲ್ಲಿ ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲ ಬರ್ತಿತ್ತು. ಬೆಂಗಳೂರಿನಂಥ ಬೆಂಗಳೂರಿಗೂ ಆಗ ಟಿವಿ ಇರಲಿಲ್ಲ ಅನ್ನೋದನ್ನ ನೆನಪಿಡಿ. ವರ್ಷ ಮುಗೀತು, ಉಪಗ್ರಹದ ಒಡೆಯರು ಅದನ್ನು ವಾಪಸ್ಸು ಕರೆಸಿಕೊಂಡರು.

ಜಗತ್ತಿನಲ್ಲಿ ಇಷ್ಟು ದೊಡ್ಡದಾಗಿ ಯಾರೂ ಹಳ್ಳಿಯನ್ನು ಮೊದಲಿಗೆ ಇಟ್ಟಿರಲಿಲ್ಲ. ವಿಕ್ರಮ್ ಸಾರಾಭಾಯಿಯವರ ಕನಸು ಅದು, ದೊಡ್ಡ ಕನಸೇ. ಆದರೆ ಮಾತು ಮೇಲಿಂದ ಕೆಳಕ್ಕೆ ಮಾತ್ರ ಬರ್ತಿತ್ತು. ಅದೇ ಹೊತ್ತಿಗೆ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇಸ್ರೋದವರೇ ಇನ್ನೊಂದು ಥರ ಮಾಡಿ ನೋಡಿದರು. ಅಲ್ಲಿ ಹಳ್ಳಿಗರೇ ವಿಷಯ ಹೇಳ್ತಿದ್ದರು, ಕ್ಯಾಮೆರಾ ಎದುರು ಬಂದು ಕೂರ್ತಿದ್ದರು. ಅದಕ್ಕೆ 1984ರಲ್ಲಿ ಯುನೆಸ್ಕೋದ ಪ್ರಶಸ್ತಿಯೂ ಬಂತು. ದಾರಿ ಗೊತ್ತಿರಲಿಲ್ಲ ಅಂತಲ್ಲ, ಆ ದಾರಿಯಲ್ಲಿ ದೂರ ಹೋಗಲಿಲ್ಲ, ಅಷ್ಟೇ.

ಈಗ ನಮ್ಮ ಹೊಳೆಗೆ ಬರ್ತೀನಿ.

2019ರ ಆಗಸ್ಟ್ ಮೊದಲ ವಾರ. ಘಾಟಿನಲ್ಲಿ ಮಳೆ, ಹಿಡಕಲ್ ಡ್ಯಾಮು ತುಂಬಿ ನೀರು ಬಿಟ್ಟರು. ಇತ್ತ ಮಾರ್ಕಂಡೇಯ, ಹಿರಣ್ಯಕೇಶಿಗಳೂ ತುಂಬಿ ಹರಿದವು. ಗೋಕಾಕ ಪಟ್ಟಣದ ತಗ್ಗಿನ ಓಣಿಗಳೆಲ್ಲ ನೀರು. ಲೋಳಸೂರ ಸೇತುವೆ ಕಾಣದ ಹಾಗೆ ಮುಳುಗಿತ್ತು. ನಮ್ಮ ಸೋದರತ್ತೆಯ ಮನೆ ಹೊಳೆ ಕಡೆಗೆ. ಎರಡು ಗಂಟು ಬಟ್ಟೆ, ಒಂದು ಹಾಲಿನ ಕ್ಯಾನು, ಒಂದು ದೇವರ ಫೋಟೋ, ಇಷ್ಟು ಹಿಡಿದುಕೊಂಡು ಫಾಲ್ಸಿನ ನಮ್ಮ ಮನೆಗೆ ಬಂದಳು. ಹತ್ತು ಹನ್ನೆರಡು ದಿನ ಇದ್ದಳು. ಅದೇ ದಿನಗಳಲ್ಲಿ ಚಂದ್ರಯಾನ-2 ಭೂಮಿಯನ್ನು ಸುತ್ತುಹಾಕ್ತಿತ್ತು. ಆಗಸ್ಟ್ 14ಕ್ಕೆ ಭೂಮಿಯ ಕಕ್ಷೆ ಬಿಟ್ಟು ಚಂದ್ರನ ದಾರಿ ಹಿಡೀತು. ಟಿವಿಯಲ್ಲಿ ಒಂದು ಚಾನೆಲ್ಲಿನಲ್ಲಿ ದೋಣಿ, ಇನ್ನೊಂದರಲ್ಲಿ ರಾಕೆಟ್ಟು. ನಾನು ಅತ್ತಿಗೆ ವಿವರಿಸಿದೆ, ಚಂದ್ರನ ದಕ್ಷಿಣ ತುದಿಯಲ್ಲಿ ನೀರು ಇರಬಹುದು, ಅದನ್ನು ಹುಡುಕೋದಕ್ಕೆ ಹೋಗ್ತಿದ್ದಾರೆ ಅಂತ. ಆಕೆ ಒಂದು ಗಳಿಗೆ ಸುಮ್ಮನಿದ್ದು ಅಂದಳು,

"ಚಂದ್ರನ ಮ್ಯಾಲೆ ನೀರು ಹುಡುಕಾಕ ಹೊಂಟಾರಂತ... ನಮ್ಮ ಮನಿಗೆ ಬಾ ಅನ್ನೋ ತಮ್ಮಾ ಅವರಿಗೆ. ಅಡಗಿ ಮನ್ಯಾಗ ಬೇಕಾದಷ್ಟ ಐತಿ."

ಮನೆಯವರೆಲ್ಲ ನಕ್ಕೆವು. ಅತ್ತಿ ನಗಲಿಲ್ಲ.

ಬಾಹ್ಯಾಕಾಶಕ್ಕೆ ಯಾಕೆ ದುಡ್ಡು ಸುರೀತೀರಿ, ಬಡವರಿಗೆ ಕೊಡಿ ಅನ್ನೋ ಹಳೇ ವಾದ ಇದು ಅಂತ ನಿಮಗೆ ಅನ್ನಿಸಬಹುದು. ನನಗೆ ಆ ವಾದದಲ್ಲಿ ನಂಬಿಕೆ ಇಲ್ಲ. ಅತ್ತಿಯ ಮಾತೂ ಅದಲ್ಲ. ಬೇಕಿದ್ದರೆ ಆಕೆಯನ್ನೇ ಕೇಳಿ, ರಾಕೆಟ್ಟು ನಿಲ್ಲಿಸ್ರಿ ಅಂತ ಆಕೆ ಎಂದೂ ಅನ್ನಲಿಲ್ಲ. "ನಮ್ಮ ಮನಿಗೆ ಬಾ ಅನ್ನು" ಅಂದಳು. ನಮ್ಮನ್ನೂ ನೋಡ್ರಿ ಅನ್ನೋದು ಬೇರೆ, ಹೋಗಬ್ಯಾಡ್ರಿ ಅನ್ನೋದು ಬೇರೆ.

ತಮಾಷೆ ಅಂದರೆ ಅವರು ನೋಡ್ತಾ ಇದ್ದರು. ಮೋಡ ಮುಸುಕಿದಾಗ ಸಾಮಾನ್ಯ ಕ್ಯಾಮೆರಾದ ಉಪಗ್ರಹಕ್ಕೆ ಏನೂ ಕಾಣೋದಿಲ್ಲ. ಅದಕ್ಕೇ ರಡಾರ್ ಉಪಗ್ರಹ. ಅದು ತಾನೇ ಅಲೆ ಕಳಿಸಿ, ನೆಲಕ್ಕೆ ಬಡಿದು ವಾಪಸ್ಸು ಬಂದದ್ದನ್ನು ಅಳೆಯತ್ತೆ. ನಿಂತ ನೀರು ಕನ್ನಡಿ ಇದ್ದ ಹಾಗೆ, ಅಲೆಯನ್ನು ಆಚೆ ಜಾರಿಸಿಬಿಡತ್ತೆ, ಚಿತ್ರದಲ್ಲಿ ಕಪ್ಪಾಗಿ ಕಾಣತ್ತೆ. ಮೋಡ ಇರಲಿ, ರಾತ್ರಿ ಇರಲಿ. ಹೈದರಾಬಾದಿನಲ್ಲಿರುವ ಇಸ್ರೋದ ದೂರಸಂವೇದಿ ಕೇಂದ್ರ ಪ್ರವಾಹ ಬಂದಾಗೆಲ್ಲ ಇಂಥ ನಕ್ಷೆ ಮಾಡಿ ಸರ್ಕಾರಗಳಿಗೆ ಕಳಿಸತ್ತೆ. 2009ರಿಂದ 'ಭುವನ್' ತಾಣದಲ್ಲಿ ನಾವೂ ಇಂಥ ನಕ್ಷೆಗಳನ್ನು ನೋಡಬಹುದು.

ಆದರೆ ಮೇಲಿಂದ ನೋಡೋ ಕಣ್ಣಿಗೆ ಒಂದು ತೊಂದರೆ ಇದೆ. ಹೊಲದಲ್ಲಿ ನಿಂತ ನೀರು ಅದಕ್ಕೆ ಚೆನ್ನಾಗಿ ಕಾಣತ್ತೆ. ಒತ್ತೊತ್ತಾಗಿ ಮನೆಗಳಿರೋ ಓಣಿಯಲ್ಲಿ ಗೋಡೆಗಳಿಗೆ ಬಡಿದು ಅಲೆ ಗೊಂದಲ ಆಗತ್ತೆ, ನೀರು ಇದೆಯೋ ಇಲ್ಲವೋ ಹೇಳೋದು ಕಷ್ಟ. ಆಳ ಎಷ್ಟು ಅನ್ನೋದಂತೂ ನೇರವಾಗಿ ಗೊತ್ತಾಗೋದಿಲ್ಲ. ಯಾವ ಗೋಡೆ ಮಣ್ಣಿನದು, ಯಾವ ಮನೆಯಲ್ಲಿ ಎದ್ದು ನಡೆಯಲಾರದ ಅಜ್ಜಿ ಇದ್ದಾಳೆ, ಕೇಳಲೇಬೇಡಿ.

ಇದೆಲ್ಲ ಗೊತ್ತಿರೋದು ಓಣಿಯವರಿಗೆ. ಹೊಳೆ ದಂಡೆಯ ಮನೆಗಳಲ್ಲಿ ನೀರು ಎಲ್ಲಿವರೆಗೆ ಬಂತು ಅಂತ ಗೋಡೆ ಮೇಲೆ ಸುಣ್ಣದಲ್ಲೋ ಇದ್ದಲಿಯಲ್ಲೋ ಗೆರೆ ಎಳೆದಿರ್ತಾರೆ. ಅತ್ತಿಯ ಮನೆಯಲ್ಲಿ ಕಿಟಕಿಯ ಮೇಲೆ ಇದೆ ಆ ಗೆರೆ. ಆ ಗೆರೆಗೆ ಹೈದರಾಬಾದಿನ ನಕ್ಷೆ ಗೊತ್ತಿಲ್ಲ, ನಕ್ಷೆಗೆ ಗೆರೆ ಗೊತ್ತಿಲ್ಲ. ಎರಡೂ ಒಂದಾದರೆ ಮುಂದಿನ ಸಲ ಡ್ಯಾಮಿನಿಂದ ಇಷ್ಟು ನೀರು ಬಿಟ್ಟರೆ ಯಾವ ಓಣಿ ಮೊದಲು ಖಾಲಿ ಮಾಡಬೇಕು ಅಂತ ಹಿಂದಿನ ದಿನವೇ ಹೇಳಬಹುದಲ್ಲ? ಅತ್ತಿಗೆ ಬಾಹ್ಯಾಕಾಶದಲ್ಲಿ ಪಾಲು ಅಂದರೆ ಇದು ಅಂತ ನನ್ನ ಅನಿಸಿಕೆ. ಮಂಗಳದ ಚಿಪ್ಪಿನಲ್ಲಿ ಹೆಸರಲ್ಲ, ನಕ್ಷೆಯಲ್ಲಿ ಆಕೆಯ ಗೆರೆ.

ಜನಸಾಮಾನ್ಯರ ಕಣ್ಣಿಗೆ ಎಷ್ಟು ಬೆಲೆ ಇದೆ ಅನ್ನೋದಕ್ಕೆ ಅದೇ ವರ್ಷ ಸಾಕ್ಷಿ ಸಿಕ್ಕಿತು. ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಲ್ಯಾಂಡರು ಚಂದ್ರನಿಗೆ ಅಪ್ಪಳಿಸಿತು. ಎಲ್ಲಿ ಬಿತ್ತು ಅಂತ ಗೊತ್ತಾಗಲಿಲ್ಲ. ನಾಸಾ ತನ್ನ ಚಂದ್ರ ಉಪಗ್ರಹ ತೆಗೆದ ದೊಡ್ಡ ಚಿತ್ರವನ್ನು ಯಾರು ಬೇಕಾದರೂ ನೋಡಿ ಅಂತ ಹೊರಗೆ ಹಾಕಿತು. ಚೆನ್ನೈನ ಇಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಮನೆಯಲ್ಲಿ ಕೂತು ಹಳೇ ಚಿತ್ರ ಹೊಸ ಚಿತ್ರ ಪಕ್ಕಪಕ್ಕ ಇಟ್ಟು ಚುಕ್ಕೆ ಚುಕ್ಕೆ ಹೋಲಿಸಿ ಒಂದು ಚೂರನ್ನು ಹುಡುಕಿದರು. ಡಿಸೆಂಬರಿನಲ್ಲಿ ನಾಸಾ ಅವರ ಹೆಸರು ಹೇಳಿ ಒಪ್ಪಿಕೊಂಡಿತು. ಅವರಿಗೆ ಯಾರೂ ಪಾಸು ಕೊಟ್ಟಿರಲಿಲ್ಲ, ಹೊಗಳಿಕೆಯ ಪತ್ರ ಕೊಟ್ಟಿರಲಿಲ್ಲ. ಚಿತ್ರ ಕೊಟ್ಟಿದ್ದರು. ಅಷ್ಟು ಸಾಕಾಯಿತು. ಚಂದ್ರಯಾನದ ಮಾಹಿತಿ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ಕೇಂದ್ರದಲ್ಲಿ ಕೂಡಿಟ್ಟಿದ್ದಾರೆ, ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ಕನ್ನಡದ ಬ್ಲಾಗಿಗರಲ್ಲಿ ಯಾರಾದರೂ ಪ್ರಯತ್ನ ಮಾಡಿದ್ದೀರಾ? ಮಾಡಿದ್ದರೆ ಬರೀರಿ, ನಾನು ಮೊದಲ ಓದುಗ.

ಇನ್ನು ಹೆಸರುಕಾಳಿನ ಕತೆ. ಇದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು.

2025ರ ಜೂನ್ 25ಕ್ಕೆ ಶುಭಾಂಶು ಶುಕ್ಲಾ ಆಕ್ಸಿಯಮ್-4ರಲ್ಲಿ ಹೋದರಲ್ಲ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಾಲಿಟ್ಟ ಮೊದಲ ಭಾರತೀಯ. ಅವರ ಜೊತೆ ಹೋದ ಇಸ್ರೋದ ಏಳು ಪ್ರಯೋಗಗಳಲ್ಲಿ ಒಂದು ನಮ್ಮ ಧಾರವಾಡದ್ದು! ಕೃಷಿ ವಿಶ್ವವಿದ್ಯಾಲಯದವರೂ ಧಾರವಾಡ ಐಐಟಿಯವರೂ ಸೇರಿ ಹೆಸರುಕಾಳು ಮತ್ತು ಮೆಂತ್ಯ ಕಳಿಸಿದ್ದರು. ಅಲ್ಲಿ ಶುಕ್ಲಾ ಅವರು ಕಾಳಿಗೆ ನೀರು ಕೊಟ್ಟರು, ಮೊಳಕೆ ಬಂತು, ಅದನ್ನು ಫ್ರೀಜರಿನಲ್ಲಿಟ್ಟು ಭೂಮಿಗೆ ತಂದರು. ತೂಕವೇ ಇಲ್ಲದ ಜಾಗದಲ್ಲಿ ಮೊಳಕೆಯ ಪೌಷ್ಟಿಕಾಂಶ ಹೆಚ್ಚಾಗತ್ತೋ ಕಡಿಮೆಯಾಗತ್ತೋ, ಅದರ ಮೇಲಿನ ಸೂಕ್ಷ್ಮಜೀವಿಗಳು ಏನಾಗ್ತವೆ, ಇಂಥವನ್ನು ನೋಡೋದಕ್ಕೆ. ಮೊಳಕೆಗೆ ಮಣ್ಣು ಬೇಡ, ಒಲೆ ಬೇಡ, ನಾಲ್ಕೈದು ದಿನದಲ್ಲಿ ತಾಜಾ ತಿನಿಸು. ದೂರ ಹೋಗೋರಿಗೆ ಇದಕ್ಕಿಂತ ಒಳ್ಳೇ ಬುತ್ತಿ ಯಾವುದಿದೆ?

ಇಲ್ಲಿ ಹೊಸದೇನು ಅಂದರೆ, ಪ್ರಶ್ನೆ ನಮ್ಮ ಕಡೆಯದು. ಹೆಸರುಕಾಳು ಮೊಳಕೆ ಕಟ್ಟೋದು ಹೇಗೆ ಅಂತ ನಮ್ಮವ್ವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಒದ್ದೆ ಬಟ್ಟೆಯಲ್ಲಿ ಕಟ್ಟಿ ಬುಟ್ಟಿ ಮುಚ್ಚಿ ಇಟ್ಟರೆ ಮರುದಿನಕ್ಕೆ ಬಾಲ ಬಂದಿರತ್ತೆ. ಈ ಸುದ್ದಿ ಓದಿ ಹೇಳಿದಾಗ ಅವ್ವ ಮಂಗಳದ ಪಾಸಿನ ಥರ ಪಕ್ಕಕ್ಕೆ ಇಡಲಿಲ್ಲ. ಸಾಲಾಗಿ ಪ್ರಶ್ನೆ. "ಬಟ್ಟ್ಯಾಗ ಕಟ್ಟಿದ್ರೋ ಏನ್ ಡಬ್ಬ್ಯಾಗ ಹಾಕಿದ್ರೋ?" "ನೀರು ಕಾಳಿನ ಮ್ಯಾಲೆ ನಿಲ್ತೈತೇನ ಅಲ್ಲೆ?" "ಬೇರು ಕೆಳಗ ಹೊಂಟಿತೋ ಮ್ಯಾಲೆ ಹೊಂಟಿತೋ?" ಕೊನೆಯ ಪ್ರಶ್ನೆಯನ್ನು ಜಗತ್ತಿನ ದೊಡ್ಡ ದೊಡ್ಡ ಸಸ್ಯವಿಜ್ಞಾನಿಗಳು ಎಷ್ಟೋ ವರ್ಷದಿಂದ ಕೇಳ್ತಿದ್ದಾರೆ. ಕೆಳಗೆ ಯಾವುದು ಅಂತ ಬೇರಿಗೆ ಗೊತ್ತಾಗೋದೇ ಗುರುತ್ವದಿಂದ. ಅದಿಲ್ಲದ ಕಡೆ ಬೇರು ಬೆಳಕು, ನೀರು ಇವನ್ನೇ ದಾರಿ ಮಾಡಿಕೊಳ್ಳಬೇಕು.

(ಶುಕ್ಲಾ ಅವರು ಗಜ್ಜರಿ ಹಲ್ವಾ, ಹೆಸರುಬೇಳೆ ಹಲ್ವಾ, ಮಾವಿನ ರಸ ಒಯ್ದಿದ್ದರು. ಗೋಕಾಕದ ಕರದಂಟು ಯಾಕೆ ಇಲ್ಲ ಅಂತ ನನ್ನ ಪ್ರಬಲ ಆಕ್ಷೇಪ ಇದೆ. ಪುಡಿ ಉದುರೋ ತಿನಿಸು ಅಲ್ಲಿ ತೇಲಾಡಿ ಯಂತ್ರದೊಳಗೆ ಹೋಗತ್ತೆ ಅಂತ ಭಯ ಅವರಿಗೆ. ಕರದಂಟಿನ ಅಂಟು ಒಂದು ಚೂರನ್ನೂ ಉದುರೋಕೆ ಬಿಡೋದಿಲ್ಲ. ಗಗನಯಾನದವರು ಇದನ್ನು ಓದಲಿ!)

ಆ ಯಾನಕ್ಕೆ ಸುಮಾರು 550 ಕೋಟಿ ರೂಪಾಯಿ ಖರ್ಚು ಅಂತ ಪತ್ರಿಕೆಗಳಲ್ಲಿ ಬಂತು. ನಮ್ಮೆಲ್ಲರ ದುಡ್ಡು. ಹಾಗಿರುವಾಗ ಆ ಮೊಳಕೆಯಿಂದ ಏನು ತಿಳೀತು ಅನ್ನೋದು ಇಂಗ್ಲಿಷ್ ಜರ್ನಲ್ಲಿನಲ್ಲಿ ಮಾತ್ರ ಬರಬಾರದು. ಧಾರವಾಡದ ಕೃಷಿ ಮೇಳಕ್ಕೆ ಪ್ರತಿ ಸಲ ಲಕ್ಷಗಟ್ಟಲೆ ರೈತರು ಬರ್ತಾರೆ, ನಮ್ಮ ಮೂಡಲಗಿ, ಹುಕ್ಕೇರಿ ಕಡೆಯಿಂದ ಟೆಂಪೋ ಮಾಡಿಕೊಂಡು ಹೋಗ್ತಾರೆ. ಅಲ್ಲಿ ಒಂದು ಮಳಿಗೆ ಹಾಕಿ, ಆಕಾಶದ ಮೊಳಕೆಯ ಚಿತ್ರ ಒಂದು ಕಡೆ, ಇಲ್ಲಿನ ಮೊಳಕೆ ಒಂದು ಕಡೆ ಇಟ್ಟು ಕನ್ನಡದಲ್ಲಿ ಹೇಳಲಿ. ಬಿತ್ತೋ ಕೈಗಳು ಕೇಳೋ ಪ್ರಶ್ನೆಗಳನ್ನೂ ಬರೆದುಕೊಳ್ಳಲಿ. ಮುಂದಿನ ಪ್ರಯೋಗ ಅದರೊಳಗಿಂದಲೇ ಹುಟ್ಟಬಹುದು.

ಕನ್ನಡ ಅಂದ ಕೂಡಲೇ ಗೋಕಾಕ ಚಳವಳಿ ನೆನಪಾಗಿರತ್ತೆ ನಿಮಗೆ. ಆ ಹೆಸರು ನಮ್ಮೂರಿನಿಂದ ಬಂದದ್ದಲ್ಲ, ವರದಿ ಕೊಟ್ಟ ವಿ.ಕೃ. ಗೋಕಾಕರಿಂದ ಬಂದದ್ದು. ಅವರು ಹುಟ್ಟಿದ್ದು ಸವಣೂರಿನಲ್ಲಿ. ಆದರೂ ಊರಿನ ಹೆಸರು ಹೊತ್ತ ಮೇಲೆ ನಮಗೂ ಸ್ವಲ್ಪ ಹಕ್ಕು ಬಂದ ಹಾಗೆ :) 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿದಾಗ ಯೂಟ್ಯೂಬಿನಲ್ಲಿ ಒಂದೇ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ಜನ ನೋಡ್ತಿದ್ದರು. ನಿಯಂತ್ರಣ ಕೊಠಡಿ ಇದ್ದದ್ದು ಬೆಂಗಳೂರಿನ ಪೀಣ್ಯದಲ್ಲಿ. ಅದೇ ಪೀಣ್ಯದ ಶೆಡ್ಡುಗಳಲ್ಲಿ ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್ ಅವರ ತಂಡ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿ, 1975ರ ಏಪ್ರಿಲ್ 19ಕ್ಕೆ ರಷ್ಯದ ರಾಕೆಟ್ಟಿನಲ್ಲಿ ಹಾರಿಸಿತ್ತು. ನಾವು ಮಾತ್ರ ಮನೆಯಲ್ಲಿ ಅತ್ತಿಗೆ, ಅವ್ವನಿಗೆ ಸಾಲು ಸಾಲು ಅನುವಾದ ಮಾಡ್ತಾ ಕೂತಿದ್ದೆವು. ಕನ್ನಡದಲ್ಲಿ ಹೇಳೋದು ಆಗದ ಕೆಲಸ ಏನಲ್ಲ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ 'ವರುಣಮಿತ್ರ' ಸಹಾಯವಾಣಿಗೆ ರೈತ ಫೋನು ಮಾಡಿ ನಾಳೆ ಮಳೆ ಬರ್ತೈತೇನ್ರಿ ಅಂತ ಕೇಳಿದರೆ ಕನ್ನಡದಲ್ಲೇ ಉತ್ತರ ಹೇಳ್ತಾರೆ. ಆ ಉತ್ತರದ ಹಿಂದೆ ಮಳೆಮಾಪಕವೂ ಇದೆ, ಉಪಗ್ರಹವೂ ಇದೆ.

ಬಾಗಿಲು ತೆರೀತಾ ಇಲ್ಲ ಅಂತ ಹೇಳೋದು ಅನ್ಯಾಯ. 2019ರಿಂದ ಶ್ರೀಹರಿಕೋಟದಲ್ಲಿ ಉಡಾವಣೆ ನೋಡೋಕೆ ಜನರಿಗೆ ಗ್ಯಾಲರಿ ಇದೆ. ಅದೇ ವರ್ಷ ಶಾಲೆ ಮಕ್ಕಳಿಗೆ 'ಯುವಿಕಾ' ಶುರುವಾಯಿತು, ಹಳ್ಳಿ ಶಾಲೆಯವರಿಗೆ ಅದರಲ್ಲಿ ಆದ್ಯತೆ ಉಂಟು. 75 ಸರ್ಕಾರಿ ಶಾಲೆಗಳ 750 ಹುಡುಗಿಯರು ಸೇರಿ ಮಾಡಿದ ಆಜಾದಿಸ್ಯಾಟ್ 2022ರ ಆಗಸ್ಟಿನಲ್ಲಿ ಸರಿಯಾದ ಕಕ್ಷೆ ಸಿಗದೆ ಹಾಳಾಯಿತು, 2023ರ ಫೆಬ್ರವರಿ 10ಕ್ಕೆ ಎರಡನೆಯದು ಹೋಗಿ ಸೇರಿತು. ಪಕ್ಕದ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ನಮ್ಮ ಹುಡುಗರು ವಿಮಾನದ ಬಿಡಿಭಾಗ ಕಡೀತಾರೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದ ಕೆಲಸ ಅದು. ಕೈ ತಯಾರಿದೆ.

ಇನ್ನೊಂದು ವಿಷಯ ಬರೆಯದೆ ಇರೋಕೆ ಆಗ್ತಿಲ್ಲ. ಆಕಾಶ ಎಲ್ಲರದು ಅನ್ನೋ ಮಾತು ಪೂರ್ತಿ ಸುಳ್ಳಾದ ದಿನ ಒಂದಿದೆ. 2019ರ ಡಿಸೆಂಬರ್ 26, ಕಂಕಣ ಸೂರ್ಯಗ್ರಹಣ. ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂತರು, ಗ್ರಹಣದ ಹೊತ್ತಿನಲ್ಲಿ ಹಾಗೆ ಮಾಡಿದರೆ ವಾಸಿಯಾಗತ್ತೆ ಅಂತ. ಮಕ್ಕಳು ಅಳೋದನ್ನ ಟಿವಿಯಲ್ಲಿ ನೋಡಿದ್ದೀರಿ. ಆ ತಂದೆತಾಯಿಗಳನ್ನು ಬೈಯೋದು ಸುಲಭ. ನನಗೆ ಬೈಯೋ ಮನಸ್ಸಾಗಲಿಲ್ಲ, ಬೇರೆ ಯಾವ ಬಾಗಿಲೂ ಕಾಣದವರು ಅವರು. ಮೂರು ವರ್ಷಕ್ಕೆ, 2022ರ ನವೆಂಬರಿನಲ್ಲಿ, ಯುರೋಪಿನ ಬಾಹ್ಯಾಕಾಶ ಸಂಸ್ಥೆ ಒಂದು ಕಾಲು ಕಳೆದುಕೊಂಡ ಜಾನ್ ಮೆಕ್‌ಫಾಲ್ ಅನ್ನೋ ವೈದ್ಯರನ್ನು ತನ್ನ ಗಗನಯಾತ್ರಿಗಳ ಪಟ್ಟಿಗೆ ಸೇರಿಸಿಕೊಂಡಿತು. ತೂಕವಿಲ್ಲದ ಕಡೆ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ ಅಲ್ಲವೇ? ಕಲಬುರಗಿಯ ಆ ಮಕ್ಕಳು ಈಗ ದೊಡ್ಡವರಾಗಿರ್ತಾರೆ. ಅವರಿಗೆ ಈ ಸುದ್ದಿ ಕನ್ನಡದಲ್ಲಿ ಯಾರಾದರೂ ಹೇಳಿದ್ದಾರಾ?

ನನ್ನ ಕೈಲಾದದ್ದು ಅಂತ ಒಂದು ಸಣ್ಣ ಕೆಲಸ ಶುರು ಮಾಡಿದ್ದೀನಿ. ಹೈಸ್ಕೂಲು ಹುಡುಗರು ನಾಲ್ಕು ಜನ ಜೊತೆಗೆ. ಅತ್ತಿಯ ಓಣಿಯಿಂದ ಹಿಡಿದು ಮನೆ ಮನೆಗೆ ಹೋಗಿ ಗೋಡೆಯ ಗೆರೆಗಳನ್ನು ಅಳೀತೀವಿ. ನೆಲದಿಂದ ಎಷ್ಟು ಅಡಿ, ಯಾವ ವರ್ಷದ್ದು, ಎಷ್ಟು ದಿನ ನಿಂತಿತ್ತು, ಫೋನಿನಲ್ಲಿ ತೋರಿಸೋ ಅಕ್ಷಾಂಶ ರೇಖಾಂಶ. ಒಂದು ನೋಟುಬುಕ್ಕು, ಒಂದು ಟೇಪು, ಅಷ್ಟೇ ಖರ್ಚು. ಈವರೆಗೆ 23 ಗೆರೆ ಸಿಕ್ಕಿವೆ. ಇವನ್ನು ಭುವನ್ ನಕ್ಷೆಯ ಮೇಲೆ ಇಟ್ಟು ನೋಡೋದು ಮುಂದಿನ ಕೆಲಸ, ಅದು ಗೊತ್ತಿರೋರು ಕಾಮೆಂಟಿನಲ್ಲಿ ತಿಳಿಸಿ. ಕೃಷ್ಣೆ, ಭೀಮೆ, ಮಲಪ್ರಭೆ, ತುಂಗಭದ್ರೆ ದಂಡೆಯ ಬ್ಲಾಗು ಗೆಳೆಯರೇ, ನಿಮ್ಮ ಊರಲ್ಲೂ ಗೆರೆ ಇದ್ದೇ ಇರ್ತವೆ, ಸುಣ್ಣ ಬಳಿಯೋ ಮೊದಲು ಅಳೆದಿಡಿ.

ಅತ್ತಿಯ ಪಕ್ಕದ ಮನೆಯಲ್ಲಿ ಒಂದು ಗೆರೆಯ ಬಗ್ಗೆ ಮಾತ್ರ ಜಗಳ ಮುಗಿದಿಲ್ಲ. ಅದು 2019ರದು ಅಂತ ಕಾಕಾ, ಅಲ್ಲ 2021ರದು ಅಂತ ಕಾಕೂ. ಬರೋ ಭಾನುವಾರ ಮತ್ತೆ ಹೋಗ್ತಿದ್ದೀವಿ. ಅವತ್ತು ಕಾಕಾನ ಅಣ್ಣನೂ ಸಂಕೇಶ್ವರದಿಂದ ಬರ್ತಾನಂತೆ, ಅವನ ಹತ್ತಿರ ಫೋಟೋ ಇದೆಯಂತೆ.